ಹೆಬ್ಬಾಗಿಲುಮನೆ ಗದ್ದೆಯ ಕಳ್ಳರು

ನಮ್ಮ ಮನೆಯೆದುರಿನ ಬಾಗಿಲ ಗದ್ದೆಗೆ ಕಳ್ಳರು ಬಂದರೆ ನನಗೆ ಹೆಮ್ಮೆ. ಬಾರದಿದ್ದರೆ ತಲೆ ಎತ್ತಿ ತಿರುಗಲು ನಾಚಿಕೆ. ಹೀಗೆಂದರೆ ನಮ್ಮಲ್ಲಿ ಉಳಿಯಲು ಬರುವ ಅತಿಥಿಗಳು ಕಣ್ಣು ಕಣ್ಣು ಬಿಡುತ್ತಾರೆ. ಮಗಳು ಅನಿಷಾ, "ಅಮ್ಮ, ಅವ್ರಿಗೆ ಸಮಾ ಬಿಡ್ಸಿ ಹೇಳ್" ಎನ್ನುತ್ತಾಳೆ. ಬಿಡಿಸಿಯೇ ಹೇಳುತ್ತೇನೆ. ಆದರೆ ನಡುವೆ ಯಾರೂ ಬಾಯಿ ಹಾಕಬಾರದು, ನನಗೆ ಸಿಟ್ಟು ಬರುತ್ತದೆ.

ಕೊಕ್ಕರ್ಣೆಯಿಂದ ಒಳಗೆ ಬಂದರೆ ಸೀತಾ ಹೊಳೆಗೆ ಸೇರುವ ಒಂದು ತೋಡು ಸಿಗುತ್ತದೆ. ಆ ತೋಡಿನ ಎರಡೂ ಬದಿಗೆ ನಮ್ಮ ನೀರ್ಬೈಲು. ಎರಡು ಗುಡ್ಡಗಳ ನಡುವೆ ಉದ್ದಕ್ಕೆ ಗದ್ದೆಗಳು, ಗುಡ್ಡದ ಬುಡಕ್ಕೆ ಒತ್ತಿಕೊಂಡು ಮನೆಗಳು. ಗದ್ದೆಯಾಗುವ ಜಾಗದಲ್ಲಿ ಮನೆ ಕೂರಬಾರದು ಎಂದು ಹಳಬರು ಎಲ್ಲ ಮನೆಗಳನ್ನೂ ಗುಡ್ಡದ ಕಡೆಗೆ ತಳ್ಳಿ ಕಟ್ಟಿದ್ದಾರೆ. ಬೇಸಿಗೆ ಬೆಳೆಗೆಂದು ತೋಡಿಗೆ ಮಣ್ಣಿನ ಕಟ್ಟ ಹಾಕುವಲ್ಲಿ ಇರುವುದು ಕಟ್ಟದಮನೆ. ಅದರ ಮಾಡು ಎಷ್ಟು ತಗ್ಗು ಎಂದರೆ ಒಳಗೆ ಹೋಗುವಾಗ ಕಲೆಕ್ಟರಾದರೂ ತಲೆ ಬಗ್ಗಿಸಲೇಬೇಕು. ತೋಡಿನಾಚೆ ಬಿದಿರು ಹಿಂಡಿಲ ನಡುವೆ ಹಾಡಿಮನೆ. ಅದರ ಮುರಕಲ್ಲಿನ ಗೋಡೆ ಇವತ್ತಿಗೂ ಗಾರೆ ಕಂಡಿಲ್ಲ, ಒಂದು ಬಿರುಕನ್ನೂ ಕಂಡಿಲ್ಲ. ಬೈಲಿನ ತಲೆಯ ಮೇಲೆ ಮೇಲ್ಮನೆ. ನಡುವೆ, ಗದ್ದೆಗಳಿಗೆಲ್ಲ ಎದುರಾಗಿ, ನಮ್ಮ ಹೆಬ್ಬಾಗಿಲುಮನೆ.

ನಮ್ಮ ಹೆಬ್ಬಾಗಿಲಿನ ಕಂಬಗಳು ಹಲಸಿನ ಮರದವು. ಒಬ್ಬನೇ ತಬ್ಬಿದರೆ ಕೈಗೆ ಕೈ ಸಿಗುವುದಿಲ್ಲ. ಕಂಬದ ತಲೆಯಲ್ಲಿ ಬಾಳೆಹೂ ಕೆತ್ತಿದ್ದಾರೆ, ಅದರ ಕೆಳಗೆ ಬಳ್ಳಿ, ಬಳ್ಳಿಯಲ್ಲಿ ಎಲ್ಲೋ ಒಂದು ಕಡೆ ಪುಟ್ಟ ಓತಿಕೇತ. ಓತಿಕೇತವನ್ನು ಹುಡುಕಿ ಎಂದು ಮಕ್ಕಳಿಗೆ ಬಿಟ್ಟರೆ ಒಂದು ಗಳಿಗೆ ಮನೆ ತಣ್ಣಗಿರುತ್ತದೆ. ನಮ್ಮಲ್ಲಿ ಮನೆ ಹೆಣ್ಣುಮಕ್ಕಳಿಗೆ ಬರುವುದು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಗುಲಾಬಿ ಎಂಬ ನನಗೆ, ನನ್ನಿಂದ ಅನಿಷಾಳಿಗೆ. ಯಜಮಾನಿಕೆ ನನ್ನ ಅಣ್ಣ ಭೋಜರಾಜನದು. ನನ್ನ ಗಂಡ ತೆಕ್ಕಟ್ಟೆಯ ಹೈವೇ ಬದಿ ಹೋಟೆಲು ನೋಡಿಕೊಂಡು ಹೆಚ್ಚಾಗಿ ಅಲ್ಲೇ ಇರುತ್ತಾರೆ. ಈ ಕಥೆಯಲ್ಲಿ ಅವರಿಗೆ ಕೆಲಸವಿಲ್ಲ.

ಈಗ ಕಳ್ಳರ ವಿಷಯ. ನವರಾತ್ರಿಯ ಹೊತ್ತಿಗೆ ಒಂದು ದಿನ ನಮ್ಮ ಕಡೆ ಹೊಸ್ತು, ಅಂದರೆ ಹೊಸ ಭತ್ತದ ಕದಿರು ಮನೆಗೆ ಬರುವ ದಿನ. ಕದಿರಿಗೆ ಮಾವಿನೆಲೆ, ಹಲಸಿನೆಲೆ ಸೇರಿಸಿ ನಾರಿನಲ್ಲಿ ಸುತ್ತಿ ಬಾಗಿಲಿಗೆ, ಕಂಬಕ್ಕೆ, ಬಾವಿಗೆ, ನೇಗಿಲಿಗೆ, ಈಗೀಗ ಟಿಲ್ಲರಿಗೆ, ಕಾರಿಗೂ ಕಟ್ಟುತ್ತೇವೆ. ಆಮೇಲೆ ಹೊಸ ಅಕ್ಕಿಯ ನಾಲ್ಕು ಕಾಳು ಬಿದ್ದ ಪಾಯಸ. ಇದು ಎಲ್ಲ ಊರಿನಲ್ಲೂ ಇದೆ. ನೀರ್ಬೈಲಿನ ರೀತಿ ಮಾತ್ರ ಬೇರೆ. ಇಲ್ಲಿ ಕದಿರನ್ನು ಕೇಳಿ ತರುವ ಹಾಗಿಲ್ಲ. ಕದ್ದೇ ತರಬೇಕು, ಅದೂ ಹೆಬ್ಬಾಗಿಲುಮನೆಯ ಬಾಗಿಲ ಗದ್ದೆಯಿಂದಲೇ. ಬೆಳಕು ಹರಿಯುವ ಮೊದಲು ಮನೆಗೊಬ್ಬರಂತೆ ಕೊಯ್ಲಿನ ಕತ್ತಿ ಹಿಡಿದು ಬರುತ್ತಾರೆ, ಒಂದು ಮುಷ್ಟಿ ಕೊಯ್ದುಕೊಂಡು ಹೋಗುತ್ತಾರೆ. ಮನೆಯವರ ಕಣ್ಣಿಗೆ ಬೀಳಬಾರದು. ಬಿದ್ದರೆ ಅದು ಕಳವಾಗುವುದಿಲ್ಲ, ಮನೆಗೆ ತಂದರೂ ಹೊಸ್ತಿಗೆ ಆಗಿಬರುವುದಿಲ್ಲ. ನಾವು ಮಾತ್ರ ನಮ್ಮ ಗದ್ದೆಯಿಂದ ನಾವೇ ಕೊಯ್ದು ತರುತ್ತೇವೆ. ಹೆಬ್ಬಾಗಿಲುಮನೆಯವರು ಯಾರ ಗದ್ದೆಗೂ ಕೈ ಹಾಕಿದವರಲ್ಲ.

ಬೆಳಕಾದ ಮೇಲೆ ಮನೆಯ ಹೆಂಗಸು ಅಂಗಳದ ತುದಿಯಲ್ಲಿ ನಿಂತು ಕಳ್ಳರಿಗೆ ಬೈಯಬೇಕು. ಹಾಗೆಂದು ಬಾಯಿಗೆ ಬಂದದ್ದಲ್ಲ, ಶಾಪವೆಲ್ಲ ಸಮೃದ್ಧಿಯದೇ ಆಗಿರಬೇಕು. "ನಿಮ್ ಮನಿ ಅಟ್ಟ ಭತ್ತದ ಭಾರಕ್ ಮುರ್ದ್ ಬೀಳ್ಲಿ! ಹಾಲ್ ಕರ್ದ್ ಕರ್ದ್ ಕೈ ಸೋತ್ ಹೋಯ್ಲಿ!" ಎಂದು ಅಮ್ಮ ಶುರು ಮಾಡಿದರೆ ತೋಡಿನಾಚೆ ಹಾಡಿಮನೆಯ ನಾಯಿ ಕೂಡ ಬೊಗಳುವುದನ್ನು ನಿಲ್ಲಿಸಿ ಕೇಳುತ್ತಿತ್ತು. ನನ್ನ ದನಿ ಅಮ್ಮನದಕ್ಕಿಂತ ಸ್ವಲ್ಪ ಒರಟು. ಆದರೆ ಹೊಸ ಶಾಪ ಹುಟ್ಟಿಸುವುದರಲ್ಲಿ ನಾನೇ ಮುಂದು, ಇದನ್ನು ಅಣ್ಣನೂ ಒಪ್ಪುತ್ತಾನೆ. ಕಳ್ಳರು ಅವರವರ ಮನೆಯಲ್ಲಿ ಕಿವಿ ನೆಟ್ಟು ಕೇಳಿ, ಈ ವರ್ಷ ಗುಲಾಬಕ್ಕ ಎಂತ ಹೇಳಿದಳು ಎಂದು ವಾರಗಟ್ಟಲೆ ನಗುತ್ತಾರೆ.

ಅನಿಷಾ ಮುಂಬಯಿಯ ದೊಡ್ಡ ಹೋಟೆಲೊಂದರಲ್ಲಿ ಕೆಲಸದಲ್ಲಿದ್ದಳು. ಯಾರದ್ದೋ ಕಟ್ಟಡದಲ್ಲಿ ಯಾರದ್ದೋ ಅತಿಥಿಗಳಿಗೆ ಹಾಸಿಗೆ ಹಾಸುವುದು ಸಾಕು, ನಮ್ಮ ಮನೆಯೇ ಇದೆಯಲ್ಲ, ಅತಿಥಿಗಳನ್ನು ಇಲ್ಲೇ ಉಳಿಸೋಣ ಎಂದು ಬಂದಳು. ಬಂದವಳು ಮೊದಲು ಮಾಡಿದ ಕೆಲಸ, ಭೋಜಣ್ಣ ಹಿಂದೊಮ್ಮೆ ಚೆಂದ ಕಾಣಲಿ ಎಂದು ಹೆಬ್ಬಾಗಿಲಿನ ಕಂಬಕ್ಕೆ ಬಳಿದ ನೀಲಿ ಪೇಂಟನ್ನು ಕೆರೆಸಿದ್ದು. ಒಳಗಿನಿಂದ ಹಲಸಿನ ಅರಿಸಿನ ಬಣ್ಣ ಹೊರಗೆ ಬಂದ ದಿನ ನಾನು ಕಂಬವನ್ನು ಮುಟ್ಟಿ ಅತ್ತೆ. ಬಾಗಿದ್ದ ಉಪ್ಪರಿಗೆಯನ್ನು ಎತ್ತಿ ನಿಲ್ಲಿಸಿದಳು, ಒಡೆದ ಹಂಚು ಬದಲಿಸಿದಳು, ಅಡುಗೆಮನೆಯ ಹೊಗೆ ಹಿಡಿದ ತೊಲೆಯನ್ನು ಮಾತ್ರ ಹಾಗೇ ಬಿಟ್ಟಳು. ಅತಿಥಿಗಳನ್ನು ಕರೆದುಕೊಂಡು ಬೈಲಿನ ಉದ್ದಕ್ಕೂ ನಡೆದು ಪ್ರತಿ ಮನೆಯ ಹೆಸರು, ಅದರ ಗೋಡೆ, ಅದರ ಅಂಗಳ ತೋರಿಸುತ್ತಾಳೆ. ನನ್ನ ಮಗಳು ಎಂದು ಹೇಳುತ್ತಿಲ್ಲ, ಈ ಬೈಲನ್ನು ಅವಳ ಹಾಗೆ ಕಂಡವರು ಕಡಿಮೆ.

ಆದರೆ ಕಾಟವೂ ಅಲ್ಲಿಂದಲೇ ಶುರುವಾಯಿತು. ಕಾಡುಹಂದಿ ಬರುತ್ತದೆ, ನವಿಲು ಬರುತ್ತದೆ ಎಂದು ಬಾಗಿಲ ಗದ್ದೆಯ ಸುತ್ತ ತಂತಿಬೇಲಿ ಹಾಕಿಸಿದಳು. ಅತಿಥಿಗಳ ಭದ್ರತೆಗೆಂದು ಹೆಬ್ಬಾಗಿಲಿನ ಮೂಲೆಗೆ ಕ್ಯಾಮೆರಾ. ಯಾರಾದರೂ ಹತ್ತಿರ ಸುಳಿದರೆ ತನ್ನಷ್ಟಕ್ಕೇ ಹತ್ತಿಕೊಳ್ಳುವ ಒಂದು ಲೈಟು. ನಾನು ಕೂಡ, ಹಂದಿಯ ಕಾಟ ತಪ್ಪಿತಲ್ಲ ಎಂದು ಸುಮ್ಮನಿದ್ದೆ. ಹೊಸ್ತು ನೆನಪಾಗಲೇ ಇಲ್ಲ.

ಹೋದ ವರ್ಷದ ಹೊಸ್ತಿನ ಬೆಳಿಗ್ಗೆ ನಾನು ಎದ್ದು ಗದ್ದೆ ನೋಡಿದರೆ ಒಂದು ಕದಿರೂ ಕಡಿಮೆಯಾಗಿಲ್ಲ. ಸೂರ್ಯ ಗುಡ್ಡದ ಮೇಲೆ ಬಂದ. ಆಗ ಕಟ್ಟದಮನೆಯ ಗಿರಿಜಾ ಬಂದಳು. ನನಗಿಂತ ಸ್ವಲ್ಪ ಚಿಕ್ಕವಳು, ಮದುವೆಯಾಗಿ ಬಂದ ವರ್ಷದಿಂದ ನನ್ನ ಗದ್ದೆಯಲ್ಲಿ ಕದಿಯುತ್ತಿದ್ದವಳು. ಚಪ್ಪಲಿಯನ್ನು ಹೆಬ್ಬಾಗಿಲ ಹೊರಗೆ ಬಿಟ್ಟು, ಕ್ಯಾಮೆರಾ ಕಡೆ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ನಿಂತಳು.

"ಗುಲಾಬಕ್ಕ, ಒಂದ್ ಮುಷ್ಟಿ ಕದ್ರ್ ಕೊಡ್ತ್ರ್ಯಾ?"

ನನ್ನ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಅನಿಷಾ ನಗುತ್ತ ಒಳಗಿನಿಂದ ಬಂದಳು. ಅವಳು ಯಾರಿಗೂ ತೊಂದರೆಯಾಗಬಾರದು ಎಂದು ಬೆಳಿಗ್ಗೆಯೇ ತಾನೇ ಕೊಯ್ದು, ಎಲೆ ಸೇರಿಸಿ, ಬಾಳೆನಾರಿನಲ್ಲಿ ಚೆಂದ ಮಾಡಿ ಕಟ್ಟಿ, ತಟ್ಟೆಯಲ್ಲಿ ಜೋಡಿಸಿ ಇಟ್ಟಿದ್ದಳು. ಎಲ್ಲ ಮನೆಗೂ ಒಂದೊಂದು ಕಟ್ಟು. ಗಿರಿಜಾಳ ಹಿಂದೆ ಮೇಲ್ಮನೆಯ ಸುಧಾಕರ ಬಂದ, ಇನ್ನೂ ಹಲವರು ಬಂದರು. ಹೆಬ್ಬಾಗಿಲಲ್ಲಿ ಸಾಲು ನಿಂತು, ಕೈ ಚಾಚಿ ಇಸಿದುಕೊಂಡು, ಥ್ಯಾಂಕ್ಸ್ ಎಂದು ಹೇಳಿ ಹೋದರು. ಅತಿಥಿಗಳು ಫೋಟೋ ತೆಗೆದರು. ನಾನು ಅಂಗಳದ ತುದಿಗೆ ಹೋಗಿ ನಿಂತೆ. ಕೊಟ್ಟವರಿಗೆ ಬೈಯುವ ಹಕ್ಕಿಲ್ಲ. ಬೈಗುಳವನ್ನು ನುಂಗಿಕೊಂಡು ಒಳಗೆ ಬಂದೆ.

ಅನಿಷಾಳಿಗೆ ಏನೂ ಹೇಳಲಿಲ್ಲ. ಅವಳ ಮುಖದಲ್ಲಿ ಅಷ್ಟು ಸಂತೋಷವಿತ್ತು. ಆದರೆ ವರ್ಷವಿಡೀ ಆ ಚಾಚಿದ ಕೈಗಳು ನನ್ನ ಕಣ್ಣ ಮುಂದೆ ಇದ್ದವು.

ಈ ವರ್ಷ ಮಳೆ ಬಿಡುವ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಹಾಡಿಮನೆಯ ಚಂದಯ್ಯ ವರ್ಷಗಟ್ಟಲೆ ಬೇಸಾಯವಿಲ್ಲದೆ ಹಡಿಲು ಬಿದ್ದಿದ್ದ ತನ್ನ ಗದ್ದೆಯನ್ನು ಮತ್ತೆ ಉತ್ತು ನಟ್ಟಿ ಮಾಡಿದ್ದ. ತೋಡಿನಾಚೆ ಹಸಿರಾಗಿ ಎದ್ದು, ಕದಿರು ತುಂಬಿ ಬಗ್ಗಿತ್ತು. ಬೇಲಿಯಿಲ್ಲ, ಕ್ಯಾಮೆರಾ ಇಲ್ಲ. ಸೊಸೈಟಿಯಲ್ಲಿ ಸಿಕ್ಕ ಸುಧಾಕರ ನನ್ನ ಕಿವಿಗೆ ಬೀಳುವ ಹಾಗೆಯೇ ಯಾರಿಗೋ ಹೇಳಿದ: "ಈ ಸಲ ಹೊಸ್ತಿಗೆ ಎಲ್ಲ್ ಹೋಪುದ್ ಅಂದೇಳಿ ಚಿಂತಿ ಇಲ್ಲ ಮರ್ರೆ. ಚಂದಯ್ಯನ್ ಗೆದ್ದಿ ಇತ್ತಲ್ದಾ."

ಮನೆಗೆ ಬಂದವಳೇ ಅನಿಷಾಳನ್ನು ಕರೆದೆ.

"ಆ ಬೇಲಿ ತೆಗಿ. ಕ್ಯಾಮೆರಾ ತೆಗಿ. ಲೈಟ್ ತೆಗಿ."

"ಎಂತಕಮ್ಮ? ಹಂದಿ ಬಂದ್ರೆ ಒಂದೇ ರಾತ್ರಿಗೆ ಗೆದ್ದಿ ಪೂರಾ ಸಾಪ್."

"ಹಂದಿ ಬಂದ್ರೆ ಬರ್ಲಿ. ಜನ ಬರ್ಕ್."

"ಜನ ಬತ್ತ್ರಲ್ಲ. ಹೋದ ವರ್ಷ ಎಲ್ಲರ್ಗೂ ನಾನೇ ಕೊಟ್ಟಿದ್ದೆ. ಯಾರ್ಗಾರೂ ಕಮ್ಮಿ ಆಯ್ತಾ?"

ಅವಳ ದನಿಯಲ್ಲಿ ನೋವಿತ್ತು. ನನಗೆ ಸಿಟ್ಟು ಇಳಿಯಿತು. ಜಗಲಿಯ ಮೇಲೆ ಕೂರಿಸಿಕೊಂಡು, ನಾನು ಯಾರಿಗೂ ಹೇಳದ ಒಂದು ಸಂಗತಿ ಹೇಳಿದೆ.

ನಾನು ಚಿಕ್ಕವಳಿದ್ದಾಗ ಈ ಬೈಲೆಲ್ಲ ನಮ್ಮದು, ಉಳಿದ ಮನೆಯವರು ನಮಗೆ ಗೇಣಿ ಕೊಡುವವರು. ವರ್ಷವಿಡೀ ಅವರು ನಮ್ಮ ಹೆಬ್ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಕೇಳಿಯೇ ಬದುಕಬೇಕಿತ್ತು. ಬೀಜಕ್ಕೆ ಕೇಳಬೇಕು, ಹುಲ್ಲಿಗೆ ಕೇಳಬೇಕು, ಮಗಳ ಮದುವೆಗೆ ಕೇಳಬೇಕು. ಹೊಸ್ತಿನ ಒಂದು ಬೆಳಿಗ್ಗೆ ಮಾತ್ರ ಕೇಳುವ ಹಾಗಿರಲಿಲ್ಲ. ಆ ಹೊತ್ತಿಗೆ ಗದ್ದೆ ಯಾರದ್ದೂ ಅಲ್ಲ, ಕತ್ತಿ ಹಿಡಿದವರದ್ದು. ಆಮೇಲೆ ಡಿಕ್ಲರೇಷನ್ ಕಾಲ ಬಂತು. ಉತ್ತವರಿಗೇ ಭೂಮಿ ಎಂದಾಯಿತು. ಗಿರಿಜಾಳ ಗಂಡನ ಅಜ್ಜ ದೂಮ ಎಲ್ಲರಿಗಿಂತ ಮೊದಲು, ಉಳುವ ಗದ್ದೆ ತನ್ನದೆಂದು ಡಿಕ್ಲರೇಷನ್ ಹಾಕಿದ. ನಮಗೆ ಉಳಿದದ್ದು ಮನೆ ಮತ್ತು ಬಾಗಿಲ ಗದ್ದೆ. ತಿಂಗಳುಗಟ್ಟಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ತೋಡಿನ ಕಟ್ಟಕ್ಕೆ ಕೂಡ ಜನ ಸೇರಲಿಲ್ಲ.

ಆ ವರ್ಷದ ಹೊಸ್ತಿಗೆ ಅಮ್ಮ ಬಾಗಿಲು ಹಾಕಿಕೊಂಡು ನನ್ನನ್ನು ಪಕ್ಕದಲ್ಲಿ ಮಲಗಿಸಿಕೊಂಡಿದ್ದರು. ಅವರು ನಿದ್ದೆ ಮಾಡಿರಲಿಲ್ಲ. ಯಾಕೆ ಬರುತ್ತಾರೆ? ಅವರವರಿಗೆ ಅವರವರ ಗದ್ದೆ ಇದೆ. ಇನ್ನು ಈ ಮನೆಯ ಹಂಗು ಯಾರಿಗೆ? ಕತ್ತಲು ತಿಳಿಯಾಗುವ ಹೊತ್ತಿಗೆ ಹೊರಗೆ ಕರಕ್ ಎಂದು ಕತ್ತಿಯ ಸದ್ದು ಬಂತು. ಮತ್ತೊಂದು. ಇನ್ನೊಂದು. ಅಮ್ಮ ನನ್ನ ಕೈಯನ್ನು ಒತ್ತಿ ಹಿಡಿದರು, ಕೈ ನೋಯುವಷ್ಟು. ಬೆಳಕಾಗಿ ನೋಡಿದರೆ ಹಿಂದಿನ ಯಾವ ವರ್ಷಕ್ಕಿಂತಲೂ ಹೆಚ್ಚು ಕೊಯ್ದಿದ್ದರು. ದೂಮಜ್ಜನ ಎಡಗೈ ಕೊಯ್ಲು ಎಲ್ಲರಿಗೂ ಗುರುತು. ಅದು ಗದ್ದೆಯ ನಟ್ಟನಡುವೆಯೇ ಇತ್ತು. ಅಮ್ಮ ಅಂಗಳದ ತುದಿಯಲ್ಲಿ ನಿಂತು ಗಂಟಲು ಹರಿಯುವವರೆಗೆ ಬೈದರು, ಬೈಯುತ್ತ ಅತ್ತರು. ಒಳಗೆ ಬಂದು, "ಭೂಮಿ ಹೋಯ್ತ್, ಮನಿ ಉಳೀತ್" ಎಂದರು. ಮಾರನೇ ವಾರ ಕಟ್ಟ ಕಟ್ಟಲು ಎಲ್ಲ ಮನೆಯವರೂ ಬಂದರು.

"ಹಂಗಾಗಿ ಮಗಾ," ಎಂದೆ, "ಗಿರಿಜಾ ಹೋದ ವರ್ಷ ಚಪ್ಪಲಿ ಬಿಟ್ಟ್ ನಿಂತ್ ಕೇಂಡ್ಳಲ್ದಾ, ನಂಗೆ ಅವ್ಳ್ ಕಾಣ್ಲಿಲ್ಲ. ಅವ್ಳ್ ಗಂಡನ ಅಜ್ಜ ಕಂಡ. ಕೇಣುದ್ ಬಿಟ್ಟ್ ಇಷ್ಟ್ ವರ್ಷ ಆದ್ ಮೇಲೆ ನಾವ್ ಮತ್ತೆ ಅವ್ರ್ ಹತ್ರ ಕೈ ಚಾಚಿಸ್ತ್."

ಅನಿಷಾ ಕಣ್ಣೊರೆಸಿಕೊಂಡು, "ಇದ್ನ ಮೊದ್ಲೇ ಹೇಳೂಕೆ ನಿಂಗೆ ಎಂತ ಧಾಡಿ ಆಯಿತ್ತ್?" ಎಂದು ನನಗೇ ಬೈದಳು. ಬೈಗುಳದಲ್ಲಿ ಅಮ್ಮನ ದನಿಯ ಎಳೆ ಇತ್ತು. ನನಗೆ ಒಳಗೊಳಗೇ ಖುಷಿಯಾಯಿತು.

ಹೊಸ್ತಿನ ಹಿಂದಿನ ಸಂಜೆ ಅವಳೇ ಗದ್ದೆಗಿಳಿದು ತೋಡಿನ ಬದಿಯ ಬೇಲಿಯನ್ನು ಸುರುಳಿ ಸುತ್ತಿಟ್ಟಳು. ಕ್ಯಾಮೆರಾ ಕಳಚಿ ಒಳಗಿಟ್ಟಳು. ಲೈಟಿನ ಮೇಲೆ ಬುಟ್ಟಿ ಕವುಚಿ ಹಾಕಿದಳು. ಉಪ್ಪರಿಗೆಯಲ್ಲಿ ಪುಣೆಯಿಂದ ಬಂದ ಗಂಡ ಹೆಂಡತಿ ಇದ್ದರು. ಬೆಳಿಗ್ಗೆ ಕಿಟಕಿ ತೆರೆಯಬಾರದು, ಫೋನು ಮುಟ್ಟಬಾರದು ಎಂದು ಅವರಿಗೂ ತಾಕೀತಾಯಿತು. ಭೋಜಣ್ಣ ಇದನ್ನೆಲ್ಲ ನೋಡಿ, "ಬಾಗ್ಲ್ ಹಾಯ್ಕಂಡ್ ಎಲ್ಲರೂ ಮನಿಕಣಿ. ಬಪ್ಪವ್ರ್ ಬತ್ರ್" ಎಂದು ಹೇಳಿ ತಾನು ಗೊರಕೆ ಹೊಡೆಯಲು ಹೋದ.

ನನಗೆ ಮಲಗಲಾಗಲಿಲ್ಲ. ಬಾರದಿದ್ದರೆ? ಎಲ್ಲರೂ ತೋಡಿನ ಕಾಲುಸಂಕ ದಾಟಿ ಚಂದಯ್ಯನ ಗದ್ದೆಗೇ ಹೋದರೆ? ಕೋಳಿ ಕೂಗುವ ಮೊದಲೇ ಎದ್ದು, ಸದ್ದಾಗದಂತೆ ಬಾಗಿಲು ತೆಗೆದು, ಜಗಲಿಯ ಕಂಬದ ಮರೆಯಲ್ಲಿ ಕೂತೆ. ದೀಪ ಹಚ್ಚಲಿಲ್ಲ. ನೋಡುವ ಆಸೆಯಿಂದಲ್ಲ, ಕತ್ತಿಯ ಒಂದು ಸದ್ದು ಕಿವಿಗೆ ಬಿದ್ದರೆ ಸಾಕಿತ್ತು. ಕೈ ಸುಮ್ಮನಿರಲಿಲ್ಲ, ಎಲೆಅಡಿಕೆ ತೆಗೆದು ಕುಟ್ಟಾಣಿಯಲ್ಲಿ ಕುಟ್ಟಿದೆ. ಬಾಯಿಗೆ ಹಾಕಿಕೊಂಡೆ. ಮತ್ತೆ ಕುಟ್ಟಿದೆ.

ಮಂಜು ತೋಡಿನ ಮೇಲೆ ಬಿಳಿಯಾಗಿ ಕಾಣಿಸತೊಡಗಿತು. ಕೋಳಿ ಕೂಗಿತು. ಗದ್ದೆಯಲ್ಲಿ ಯಾರೂ ಇಲ್ಲ. ತೋಡಿನ ಕಡೆ ಕಾಡುಕೋಳಿಯೋ ಏನೋ ಪೊದೆಯಲ್ಲಿ ಸರಸರ ಎಂದಿತು, ಅಷ್ಟೇ. ಇನ್ನು ಸ್ವಲ್ಪ ಹೊತ್ತಿಗೆ ಬೆಳಕಾಗುತ್ತದೆ. ನನ್ನ ಕಣ್ಣು ತುಂಬಿತು. ಅಮ್ಮ ಉಳಿಸಿಕೊಂಡ ಮನೆ ನನ್ನ ಕಾಲದಲ್ಲಿ ಹೋಯಿತು. ಗೋಡೆ ಇದೆ, ಕಂಬ ಇದೆ, ದೂರದೂರಿನವರು ಬಂದು ಚೆಂದ ಎನ್ನುತ್ತಾರೆ. ಆದರೆ ಬೈಲಿನವರಿಗೆ ಬೇಡವಾದ ಮೇಲೆ ಅದು ಹೆಬ್ಬಾಗಿಲುಮನೆ ಹೇಗಾಗುತ್ತದೆ?

ದುಃಖದ ಬೆನ್ನಿಗೇ ಸಿಟ್ಟು ಬಂತು. ನನಗೆ ಯಾವಾಗಲೂ ಹಾಗೆಯೇ. ಹಾಗಾದರೆ ಚಂದಯ್ಯನ ಗದ್ದೆಯನ್ನಾದರೂ ನೋಡಿಯೇ ಬಿಡುತ್ತೇನೆ ಎಂದು ಎದ್ದೆ. ಗೋಡೆಗೆ ಸಿಕ್ಕಿಸಿದ್ದ ಕತ್ತಿ ಕೈಗೆ ಬಂತು. ಯಾಕೆ ತೆಗೆದುಕೊಂಡೆನೋ ಆಗ ಗೊತ್ತಿರಲಿಲ್ಲ. ಮನೆಯ ಹಿಂದಿನ ಗುಡ್ಡದ ದಾರಿ ಹಿಡಿದು, ಮೇಲಿನ ಸಂಕ ದಾಟಿ, ಬಿದಿರು ಹಿಂಡಿಲ ಬದಿಯಿಂದ ಹಾಡಿಮನೆಯ ಗದ್ದೆಗಿಳಿದೆ.

ಅಲ್ಲಿಯೂ ಯಾರೂ ಇರಲಿಲ್ಲ. ಗದ್ದೆಯ ಅಂಚಿನಲ್ಲಿ ಒಂದು ಹೆಜ್ಜೆ ಗುರುತಿಲ್ಲ, ಒಂದು ಕದಿರು ಕೊಯ್ದಿಲ್ಲ. ಇಬ್ಬನಿ ಹಾಗೇ ನಿಂತಿತ್ತು. ಇಲ್ಲಿಗೂ ಬಂದಿಲ್ಲ ಎಂದರೆ ನೀರ್ಬೈಲಿನಲ್ಲಿ ಕದಿಯುವ ರೀತಿಯೇ ಸತ್ತುಹೋಯಿತು ಎಂದುಕೊಂಡೆ. ಎಷ್ಟೋ ವರ್ಷ ಪಾಳು ಬಿದ್ದು ಮತ್ತೆ ಹುಟ್ಟಿದ ಗದ್ದೆ, ತುಂಬು ಕದಿರು ಹೊತ್ತು ನಿಂತಿದೆ, ಕದಿಯಲು ಒಬ್ಬರೂ ಗತಿಯಿಲ್ಲ. ಚಂದಯ್ಯನಿಗೂ ನನ್ನ ಹಾಗೇ ಆಗಿರುತ್ತದೆ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಒಂದು ಮುಷ್ಟಿ ಕೊಯ್ದೆ. ಕರಕ್ ಎಂದಿತು. ಹೆಬ್ಬಾಗಿಲುಮನೆಯ ಹೆಂಗಸು ಇನ್ನೊಬ್ಬರ ಗದ್ದೆಯಲ್ಲಿ ಕದಿರು ಕದ್ದದ್ದು ಅದೇ ಮೊದಲು. ಇಷ್ಟು ಚೆಂದದ ಭಯ ನನಗೆ ಯಾವತ್ತೂ ಆಗಿರಲಿಲ್ಲ.

ನಾನು ಬಿದಿರು ಹಿಂಡಿಲು ದಾಟಿದ್ದೇ ತಡ, ಹಾಡಿಮನೆಯ ಮುಚ್ಚಿದ ಬಾಗಿಲ ಹಿಂದಿನಿಂದ ಚಂದಯ್ಯನ ದನಿ ಎದ್ದಿತು. ಅವನ ಹೆಂಡತಿ ಮಗಳ ಬಾಣಂತನಕ್ಕೆ ಬೈಂದೂರಿಗೆ ಹೋಗಿದ್ದಳು. ಬೈಯುವ ಕೆಲಸ ಅವನ ಪಾಲಿಗೆ ಬಂದಿತ್ತು, ಪಾಪ, ಅಭ್ಯಾಸವಿಲ್ಲ.

"ಹ್ವಾಯ್! ಯಾರದ್ ನನ್ ಗೆದ್ದಿ ಕದ್ರ್ ಕದ್ದದ್ದ್? ನಿಮ್... ನಿಮ್ ಮನಿ ಕಂಬ ಚಿಗುರ್ಲಿ! ಚಿಗುರಿ ಹಲ್ಸಿನ್ ಹಣ್ಣ್ ಬಿಡ್ಲಿ! ತಿಂದ್ ತಿಂದ್ ಬಾಯೆಲ್ಲ ಮೇಣ ಆಯ್ಲಿ!"

ನಮ್ಮ ಬೈಲಿನಲ್ಲಿ ಹಲಸಿನ ಕಂಬ ಇರುವುದು ಒಂದೇ ಮನೆಗೆ. ನೋಡದೆಯೇ, ಹೆಜ್ಜೆಯ ಸದ್ದಿಗೇ ನನ್ನ ಗುರುತು ಹಿಡಿದಿದ್ದ. ನಾನು ಕದಿರನ್ನು ಎದೆಗೊತ್ತಿಕೊಂಡು, ಬಾಯಿಗೆ ಸೆರಗು ತುರುಕಿ, ಈ ವಯಸ್ಸಿನಲ್ಲಿ ಸಂಕದ ಮೇಲೆ ಓಡಿದೆ.

ಹೆಬ್ಬಾಗಿಲಿಗೆ ಬರುವಾಗ ಬೆಳಕಾಗಿತ್ತು. ಬಾಗಿಲ ಗದ್ದೆಯ ಕಡೆ ತಿರುಗಿ ನೋಡಿ ಹಾಗೇ ನಿಂತೆ. ಅಂಚಿನಲ್ಲಿ ಕೊಯ್ದಿದ್ದರು, ನಡುವೆ ಕೊಯ್ದಿದ್ದರು, ಮೂಲೆಯಲ್ಲಿ ಕೊಯ್ದಿದ್ದರು. ತೋಡಿನ ಬದಿಯಿಂದ ಕೆಸರಿನ ಹೆಜ್ಜೆಗಳು ಗದ್ದೆಯ ಉದ್ದಗಲಕ್ಕೂ ಓಡಾಡಿದ್ದವು, ದೊಡ್ಡ ಹೆಜ್ಜೆ, ಸಣ್ಣ ಹೆಜ್ಜೆ, ಅವಸರಕ್ಕೆ ಜಾರಿ ಬಿದ್ದವರ ಅಂಗೈ ಗುರುತು. ಯಾರದ್ದೋ ಒಂದು ಚಪ್ಪಲಿ ಕೆಸರಿನಲ್ಲಿ ಹೂತುಹೋಗಿತ್ತು. ಗಿರಿಜಾಳದ್ದು. ಚಪ್ಪಲಿ ಬಿಡದೆ ಬಂದಿದ್ದಳು.

ಅನಿಷಾ ಉಪ್ಪರಿಗೆಯಿಂದ ದಡದಡ ಇಳಿದು ಬಂದಳು.

"ಎಲ್ಲ್ ಹೋಯಿದ್ದೆ ನೀನ್? ಕೋಳಿ ಕೂಗುಕ್ ಮುಂಚಿಂದ ಅವ್ರೆಲ್ಲ ತೋಡಂಗ್ ಕೂಕಂಡಿದ್ರ್!"

"ನೀ ಕಂಡ್ಯಾ?" ನನಗೆ ಗಾಬರಿಯಾಯಿತು.

"ಕಾಣ್ಲಿಲ್ಲ. ಕಿಟ್ಕಿ ಹಾಕಿಯೇ ಇತ್ತ್. ಕೇಂಡೆ. ನಿಂಗ್ ಕುಟ್ಟಾಣಿ ಸದ್ದಂಗ್ ಕೇಣ್ಲಿಲ್ಲ. ಗಿರಿಜಕ್ಕ ಹೇಳ್ತಿದ್ರ್, ಈ ಗುಲಾಬಕ್ಕ ಎಂತಕ್ ಜಗ್ಲಿ ಮೇಲೆ ಕೂಕಂಡ್ ಕುಟ್ಟುದ್ ಮರ್ರೆ, ನೀರಂಗ್ ಕೂಕಂಡ್ ನಮ್ ಕಾಲ್ ಮರಗಟ್ಟಿತ್ ಅಂದೇಳಿ. ಸುಧಾಕರಣ್ಣ, ಬೇಲಿ ತೆಗ್ದ್ರ್, ಕ್ಯಾಮೆರಾ ತೆಗ್ದ್ರ್, ಈ ಹೆಂಗ್ಸಿನ್ ತೆಗೂದ್ ಯಾರ್ ಅಂದ್ರ್. ನೀ ಆಚಿಗ್ ಹೋದ್ದೇ ತಡ, ಗೆದ್ದಿಗೆ ನುಗ್ಗಿದ್ರ್."

ನಾನು ಜಗಲಿಯ ಅಂಚಿಗೆ ಕುಸಿದು ಕೂತೆ. ಬೇಲಿ ಹಾಕಿದ್ದಕ್ಕೆ ವರ್ಷವಿಡೀ ಮಗಳ ಮೇಲೆ ಒಳಗೊಳಗೇ ಸಿಡುಕಿದವಳು, ಇವತ್ತು ನಾನೇ ಬೇಲಿಯಾಗಿ ಕೂತಿದ್ದೆ. ಮೊದಲು ನಗು ಬಂತು. ನಗು ಅಳುವಾಯಿತು. ಅಮ್ಮನನ್ನು ನೆನೆದುಕೊಂಡು ಸ್ವಲ್ಪ ಹೊತ್ತು ಅತ್ತೆ. ಚಳಿಯ ನೀರಿನಲ್ಲಿ ಅಷ್ಟು ಹೊತ್ತು ಕೂತಿದ್ದರು, ತೋಡಿನಾಚೆ ಕಣ್ಣಿಗೆ ಕಾಣುವಂತೆ ಚಂದಯ್ಯನ ಗದ್ದೆ ಬಿದ್ದುಕೊಂಡಿತ್ತು. ಆದರೂ ಹೋಗಿರಲಿಲ್ಲ. ನಮ್ಮ ಗದ್ದೆಯದೇ ಬೇಕು ಎಂದು ಕಾದಿದ್ದರು.

"ಅದೆಂತ ಕೈಯಂಗೆ?" ಎಂದು ಭೋಜಣ್ಣ ಕೇಳಿದ. ಅವನು ಸ್ನಾನ ಮಾಡಿ ಮಡಿಯುಟ್ಟು, ಗದ್ದೆಗೆ ಹೋಗಲು ಹರಿವಾಣ ಹಿಡಿದು ನಿಂತಿದ್ದ.

"ಕದ್ರ್," ಎಂದೆ. "ಕದ್ದದ್ದ್."

ಅಣ್ಣ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ತೋಡಿನಾಚೆ ನೋಡಿದ. ಹರಿವಾಣವನ್ನು ನನ್ನ ಮುಂದೆ ಹಿಡಿದ. ನಾನು ಕದಿರನ್ನು ಅದರಲ್ಲಿಟ್ಟೆ. ಅವನು ಅದನ್ನು ತಲೆಯ ಮೇಲೆ ಹೊತ್ತು, ನಮ್ಮ ಗದ್ದೆಯ ಕದಿರಿಗೆ ಕೊಡುವಷ್ಟೇ ಮರ್ಯಾದೆ ಕೊಟ್ಟು, ಅಂಗಳಕ್ಕೆ ಸುತ್ತು ಬಂದು, ಹೆಬ್ಬಾಗಿಲಿನ ಕಂಬಕ್ಕೆ ಕಟ್ಟಿದ. ಹಾಡಿಮನೆಯ ಕದಿರು ಹೆಬ್ಬಾಗಿಲುಮನೆಯ ಬಾಳೆಹೂವಿನ ಕೆಳಗೆ ತೂಗಿತು. ನನಗೆ ಅದಕ್ಕಿಂತ ಚೆಂದದ ಅಲಂಕಾರ ಆ ಕಂಬಕ್ಕೆ ಯಾವತ್ತೂ ಆಗಿರಲಿಲ್ಲ ಅನ್ನಿಸಿತು.

ಇನ್ನು ಬೈಯುವ ಕೆಲಸ. ಬೈಲೆಲ್ಲ ಕಾಯುತ್ತಿದೆ ಎಂದು ನನಗೆ ಗೊತ್ತು. ಎಲ್ಲ ಮನೆಗಳಿಂದ ಹೊಗೆ ಏಳುತ್ತಿತ್ತು, ಮಾತಿನ ಸದ್ದು ಮಾತ್ರ ಎಲ್ಲಿಯೂ ಇರಲಿಲ್ಲ. ಅಂಗಳದ ತುದಿಗೆ ಹೋಗಿ ನಿಂತು, ಸೊಂಟಕ್ಕೆ ಕೈ ಕೊಟ್ಟು, ಎದೆ ತುಂಬ ಉಸಿರೆಳೆದೆ.

"ಹ್ವಾಯ್! ಯಾರದ್ ನನ್ ಗೆದ್ದಿ ಕದ್ರ್ ಕೊಯ್ದದ್ದ್? ನಿಮ್ ಮನಿ ಅಟ್ಟ ಭತ್ತದ ಭಾರಕ್ ಮುರ್ದ್ ಬೀಳ್ಲಿ! ನಿಮ್ ತೋಟದ್ ತೆಂಗ್ ಕಾಯಿ ಹೊತ್ತ್ ಹೊತ್ತ್ ಬೆನ್ನ್ ಬಗ್ಗಿ ಹೋಯ್ಲಿ! ನೀರಂಗ್ ಕೂಕಂಡ್ ಮರಗಟ್ಟಿದ್ ಕಾಲ್..."

ಅಲ್ಲಿಗೆ ನನ್ನ ಗಂಟಲು ಕಟ್ಟಿತು. ಎಲೆಅಡಿಕೆಯೋ, ಅಳುವೋ, ಓಡಿದ ಆಯಾಸವೋ. ಬಾಯಿ ತೆರೆದರೆ ದನಿ ಬರಲೊಲ್ಲದು. ಬೈಗುಳ ಅರ್ಧಕ್ಕೆ ನಿಲ್ಲುವುದು ಒಳ್ಳೆಯದಲ್ಲ. ಬೈಲು ಕಿವಿಗೊಟ್ಟು ಕಾಯುತ್ತಿತ್ತು. ನಾನು ಎದೆ ಹಿಡಿದುಕೊಂಡು ತಿರುಗಿದೆ.

ಅನಿಷಾ ನನ್ನ ಪಕ್ಕಕ್ಕೆ ಬಂದು ನಿಂತಿದ್ದಳು. ಸೆರಗಿರಲಿಲ್ಲ, ಚೂಡಿದಾರದ ವೇಲನ್ನೇ ಸೊಂಟಕ್ಕೆ ಬಿಗಿದಳು. ಅತಿಥಿಗಳ ಹತ್ತಿರ ಮೆಲ್ಲಗೆ, ನಯವಾಗಿ ಮಾತಾಡುವ ನನ್ನ ಮಗಳು ಕತ್ತು ಎತ್ತಿ, ಬೈಲಿನ ಕಡೆಗೆ ಕೈ ಚಾಚಿ ಕೂಗಿದಳು.

"ಆ ಕಾಲ್ ಕುಣ್ದ್ ಕುಣ್ದ್ ಸೋತ್ ಹೋಯ್ಲಿ! ನಿಮ್ ಮನಿಗ್ ನೆಂಟ್ರ್ ಬಂದ್ ಬಂದ್ ಚಾಪಿ ಸಾಲ್ದೆ ಹೋಯ್ಲಿ! ಬಂದವ್ರ್ ಹೋಪೂಕ್ ಒಪ್ದೆ ಇರ್ಲಿ! ಬಪ್ಪ ವರ್ಷ ನನ್ ಗೆದ್ದಿಗ್ ಕಾಲ್ ಇಟ್ರೆ ಕಾಣಿ... ಅಟ್ಟ ಇನ್ನೊಂದ್ ಮುರ್ದ್ ಬೀಳ್ಲಿ!"

ದನಿ ಎದುರು ಗುಡ್ಡಕ್ಕೆ ಹೋಗಿ ಬಡಿದು ತಿರುಗಿ ಬಂತು. ಹಾಡಿಮನೆಯ ನಾಯಿ ಬೊಗಳುವುದನ್ನು ನಿಲ್ಲಿಸಿತು. ಬೈಗುಳಕ್ಕೆ ಕಳ್ಳರು ಉತ್ತರ ಕೊಡುವ ಹಾಗಿಲ್ಲ, ಅವರು ಅಲ್ಲಿ ಇಲ್ಲವೇ ಇಲ್ಲ ಎಂಬ ಲೆಕ್ಕ. ಆದರೆ ಕಟ್ಟದಮನೆಯ ತಗ್ಗು ಮಾಡಿನ ಒಳಗಿನಿಂದ ಯಾರೋ ತಡೆಯಲಾರದೆ ಗೊಳ್ಳೆಂದು ನಕ್ಕರು, ಮೇಲ್ಮನೆಯವರು ನಕ್ಕರು, ಬೈಲಿನ ಉದ್ದಕ್ಕೂ ಒಂದೊಂದೇ ಮನೆ ನಗುತ್ತ ಬಂತು.

ಅನಿಷಾ ನನ್ನ ಕಡೆ ತಿರುಗಿ, "ಸಮಾ ಆಯ್ತಾ ಅಮ್ಮ?" ಎಂದು ಕೇಳಿದಳು.

ನನಗೆ ದನಿ ಇರಲಿಲ್ಲ. ಅವಳ ಕೈಯನ್ನು ಒತ್ತಿ ಹಿಡಿದೆ, ನೋಯುವಷ್ಟು.